ಕಿಟಕಿಯಿಂದ ಹಾರಿದ ಮದುಮಗ: ಗೊಗೋಲನ ‘ಮದುವೆ’ ಬಳ್ಳಾರಿಯ ಸಂಗೀತ ನಾಟಕವಾದ ಏಳು ತಿಂಗಳ ದಾಖಲೆ

ಮೇ 18ರ ರಾತ್ರಿ ಎರಡನೆಯ ಪ್ರಯೋಗ ಮುಗಿಯಿತು. ಕಿಟಕಿಯ ಚೌಕಟ್ಟನ್ನು ಬಿಚ್ಚಿ ಗೆಳೆಯರೊಬ್ಬರ ಗೋದಾಮಿಗೆ ಸಾಗಿಸಿದ ಮೇಲೆ, ನವೆಂಬರಿನಿಂದ ನೋಟ್‌ಬುಕ್ಕಿನಲ್ಲಿ ಗೀಚುತ್ತ ಬಂದಿದ್ದ ಟಿಪ್ಪಣಿಗಳನ್ನು ಕ್ರಮಕ್ಕೆ ತಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ಪ್ರೌಢಶಾಲೆಯ ಗಣಿತ ಮೇಷ್ಟ್ರು. ಸಂಜೆ ಹಾರ್ಮೋನಿಯಂ ಬಾರಿಸುತ್ತೇನೆ. ನಮ್ಮದು ಹದಿನಾಲ್ಕು ಜನರ ಹವ್ಯಾಸಿ ತಂಡ. ಹಳೆಯ ನಾಟಕವೊಂದನ್ನು ಸಂಗೀತ ನಾಟಕ ಮಾಡಹೊರಡುವವರಿಗೆ ಈ ಬರಹದಿಂದ ಏನಾದರೂ ಉಪಯೋಗವಾದರೆ, ಅದು ನಾವು ಕೆಡಿಸಿಕೊಂಡ ಕೆಲಸಗಳ ವಿವರದಿಂದಲೇ ಆದೀತು ಎಂದು ಅವುಗಳನ್ನು ಮರೆಮಾಚದೆ ಬರೆದಿದ್ದೇನೆ.

ಆರಿಸಿಕೊಂಡದ್ದು ರಷ್ಯನ್ ಲೇಖಕ ನಿಕೊಲಾಯ್ ಗೊಗೋಲ್ 1833ರಲ್ಲಿ ಆರಂಭಿಸಿ 1842ರಲ್ಲಿ ಪ್ರಕಟಿಸಿದ ಎರಡು ಅಂಕಗಳ ಪ್ರಹಸನ ‘ಮದುವೆ’. ಪೊದ್ಕೊಲ್ಯೋಸಿನ್ ಎಂಬ ಸರ್ಕಾರಿ ನೌಕರ ಮದುವೆಯಾಗಬೇಕೆಂದು ಯೋಚಿಸುತ್ತ ಮಂಚದ ಮೇಲೆ ಬಿದ್ದುಕೊಂಡಿರುತ್ತಾನೆ. ಮದುವೆಯ ದಲ್ಲಾಳಿ ಹೆಂಗಸೊಬ್ಬಳು ಮೂರು ತಿಂಗಳಿಂದ ಅವನ ಮನೆಗೆ ಎಡತಾಕುತ್ತಿರುತ್ತಾಳೆ. ಗೆಳೆಯ ಕೊಚ್ಕರ್ಯೋವ್ ನಡುವೆ ನುಗ್ಗಿ, ದಲ್ಲಾಳಿಯನ್ನು ಬದಿಗೆ ಸರಿಸಿ, ವ್ಯಾಪಾರಿಯ ಮಗಳ ಮನೆಗೆ ಇವನನ್ನು ಎಳೆದುಕೊಂಡು ಹೋಗಿ, ಅಲ್ಲಿ ನೆರೆದ ಉಳಿದ ವರಗಳನ್ನೆಲ್ಲ ಓಡಿಸಿ, ಅದೇ ದಿನ ಮದುವೆ ಗೊತ್ತು ಮಾಡುತ್ತಾನೆ. ಹುಡುಗಿ ಸಿಂಗರಿಸಿಕೊಂಡು ಬರುವಷ್ಟರಲ್ಲಿ ಮದುಮಗ ಕಿಟಕಿಯಿಂದ ಹಾರಿ, ಬಾಡಿಗೆ ಗಾಡಿ ಹತ್ತಿ ಮನೆಗೆ ಹೋಗಿರುತ್ತಾನೆ.

1. ನವೆಂಬರ್: ಊರು ಬದಲಿಸಿದ್ದು

ನಮ್ಮಲ್ಲಿ ಯಾರಿಗೂ ರಷ್ಯನ್ ಬಾರದ ಕಾರಣ ಎರಡು ಇಂಗ್ಲಿಷ್ ಅನುವಾದಗಳನ್ನು ಎದುರುಬದುರು ಇಟ್ಟುಕೊಂಡು ಕನ್ನಡ ಮಾಡಿದೆವು. ಕಥೆಯನ್ನು 1953ರ ಬೇಸಿಗೆಯ ಬಳ್ಳಾರಿಗೆ ತಂದೆವು. ನಾಯಕ ಬ್ರೂಸ್‌ಪೇಟೆಯಲ್ಲಿ ವಾಸವಾಗಿರುವ ಶಿರಸ್ತೇದಾರ. ಹುಡುಗಿ ಕೌಲ್ ಬಜಾರಿನ ಹತ್ತಿ ವ್ಯಾಪಾರಿಯ ಮಗಳು. ಹೆಸರಿಡುವಾಗ ಅರ್ಥಕ್ಕಿಂತ ಮಾತ್ರೆಯನ್ನು ನೋಡಿದೆ. ‘ಪಂಪಾಪತಿ’ ಎಂಬಲ್ಲಿ ಎರಡು, ಎರಡು, ಒಂದು, ಒಂದು ಸೇರಿ ಆರು ಮಾತ್ರೆಗಳಾಗುವುದರಿಂದ, ಹೆಸರನ್ನು ಬರಿದೆ ಕರೆದರೂ ಆರು ಮಾತ್ರೆಯ ದಾದರಾ ತಾಳದ ಒಂದು ಸುತ್ತು ತುಂಬುತ್ತದೆ. ಅವನನ್ನು ಎಲ್ಲರೂ ಕರೆಯುತ್ತಲೇ ಇರುವ ನಾಟಕದಲ್ಲಿ ಇದು ಬಹಳ ಅನುಕೂಲಕ್ಕೆ ಬಂತು. ಗೆಳೆಯ ಕೊಟ್ರೇಶಿ, ದಲ್ಲಾಳಿ ಹುಲಿಗೆಮ್ಮ, ಹುಡುಗಿ ಗೌರಮ್ಮ ಎಂದಾಯಿತು. ಫ್ರೆಂಚ್ ಬಲ್ಲ ಹೆಂಡತಿಯೇ ಬೇಕೆನ್ನುವ ಮೂಲದ ವರ ನಮ್ಮಲ್ಲಿ ಇಂಗ್ಲಿಷ್ ಬಲ್ಲವಳನ್ನು ಹುಡುಕುತ್ತಾನೆ. ಸಿಸಿಲಿಯ ಕಥೆ ಹೇಳುವ ನೌಕಾಪಡೆಯವನು ಸಿಂಗಪುರದ ಕಥೆ ಹೇಳುವ ನಿವೃತ್ತ ಸುಬೇದಾರನಾದ.

ಮೊದಲ ತಪ್ಪು ಇಲ್ಲಿಯೇ ಆಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋಗಿ, ಬಳ್ಳಾರಿ ಮೈಸೂರಿಗೆ ಬಂತು. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಊರೇ ‘ಅತ್ತಲೋ ಇತ್ತಲೋ’ ಎನ್ನುತ್ತಿದ್ದುದರಿಂದ, ನಿರ್ಧಾರಕ್ಕೆ ಬಾರದ ಮದುಮಗನನ್ನು ಆ ಊರಿನ ರೂಪಕ ಮಾಡುವ ಆಸೆ ನನಗೆ ಹುಟ್ಟಿತು. ಹನ್ನೊಂದು ಪುಟ ಹೊಸ ಸಂಭಾಷಣೆ ಬರೆದೆ. ಓದಿಸಿದಾಗ ವರಗಳು ಗಡಿಯ ಬಗ್ಗೆ ವಾದ ಮಾಡುತ್ತಿದ್ದರೇ ಹೊರತು ಹುಡುಗಿಯನ್ನು ಯಾರೂ ನೋಡುತ್ತಿರಲಿಲ್ಲ. ಹುಲಿಗೆಮ್ಮನ ಪಾತ್ರಧಾರಿ, ‘ಸರ್, ಇದರಾಗ ಮದುವಿ ಎಲ್ಲಿ ಐತ್ರಿ?’ ಎಂದರು. ಹನ್ನೊಂದು ಪುಟಗಳೂ ಹೋದವು. ವರ್ಷ ಮಾತ್ರ ಉಳಿಯಿತು, ಏಕೆಂದರೆ ಜಟಕಾ, ನಾಲ್ಕಾಣೆ ಮತ್ತು ಅದೇ ವರ್ಷ ಮುಗಿದ ತುಂಗಭದ್ರಾ ಅಣೆಕಟ್ಟೆ ನಮಗೆ ಬೇಕಾಗಿದ್ದವು.

2. ಡಿಸೆಂಬರ್: ಗದ್ಯವನ್ನೇ ಹಾಡಿಸಲು ಹೋದದ್ದು

ರಷ್ಯನ್ ಸಂಗೀತ ಸಂಯೋಜಕ ಮುಸೋರ್ಗ್‌ಸ್ಕಿ 1868ರ ಬೇಸಿಗೆಯಲ್ಲಿ ಇದೇ ನಾಟಕವನ್ನು ಹಿಡಿದು, ಗೊಗೋಲನ ಗದ್ಯವನ್ನು ಪದ್ಯಕ್ಕೆ ಇಳಿಸದೆ, ಮಾತಿನ ಏರಿಳಿತವನ್ನೇ ಸ್ವರ ಮಾಡಿ ಸಂಯೋಜಿಸಿದ್ದ. ಮೊದಲ ಅಂಕ ಮುಗಿಸಿ ಕೈಬಿಟ್ಟ. ಅವನು ಕೈಬಿಟ್ಟ ಸಂಗತಿಯನ್ನು ನಾನು ಎಚ್ಚರಿಕೆ ಎಂದು ತಿಳಿಯದೆ ಆಹ್ವಾನ ಎಂದುಕೊಂಡೆ. ಮಂಚದ ಮೇಲೆ ಮಲಗಿದ ಪಂಪಾಪತಿ ಆಳನ್ನು ಕರೆದು, ಕೋಟು ಹೊಲಿಯುವವನು ಏನಾದರೂ ಕೇಳಿದನೇ, ಬೂಟಿನ ಪಾಲಿಶ್ ತರುವಾಗ ಅಂಗಡಿಯವನು ಏನಾದರೂ ಕೇಳಿದನೇ ಎಂದು ವಿಚಾರಿಸುವ ಮೊದಲ ದೃಶ್ಯವನ್ನು ಪೂರ್ತಿ ಸ್ವರಕ್ಕೆ ಹಾಕಿದೆ. ಮಾತಿನಲ್ಲಿ 9 ನಿಮಿಷ ಹಿಡಿಯುತ್ತಿದ್ದ ದೃಶ್ಯಕ್ಕೆ ಹಾಡಿನಲ್ಲಿ 23 ನಿಮಿಷ ಬೇಕಾಯಿತು.

ಹೊತ್ತು ಹೆಚ್ಚಿದ್ದಕ್ಕಿಂತ ದೊಡ್ಡ ತೊಂದರೆ ವಾಕ್ಯದ ಕೊನೆಯಲ್ಲಿತ್ತು. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ದನಿ ಅಲ್ಲಿಗೆ ಇಳಿಯುತ್ತದೆ. ಹಾಗಾಗಿ ಪ್ರತಿ ವಾಕ್ಯವೂ ‘ಏನ್ರಿ’, ‘ಐತ್ರಿ’, ‘ಇಲ್ರಿ’ ಎಂದು ಆಧಾರ ಸ್ವರವಾದ ಷಡ್ಜಕ್ಕೆ ಬಂದು ಕೂತು, ಇಪ್ಪತ್ತು ವಾಕ್ಯಗಳಾಗುವಷ್ಟರಲ್ಲಿ ಎಲ್ಲವೂ ಒಂದೇ ಹಾಡಿನಂತೆ ಕೇಳತೊಡಗಿತು. ಡಿಸೆಂಬರ್ 21ರ ಸಂಜೆ ಮನೆಯ ಮಾಳಿಗೆಯ ಮೇಲೆ ಐದು ಮಂದಿ ಹಿರಿಯರನ್ನು ಕೂರಿಸಿ ಹಾಡಿಸಿದೆವು. ಇಬ್ಬರು ಮಲಗಿದರು. ಹಳೆಯ ನಾಟಕ ಕಂಪನಿಗಳಲ್ಲಿ ತಬಲಾ ಬಾರಿಸಿದ್ದ ಯಜಮಾನರು ಮಾತ್ರ ಕೊನೆಯವರೆಗೆ ಕೇಳಿ, ‘ಮೇಷ್ಟ್ರೇ, ಪುರಾಣ ಓದಾಕತ್ತೀರೋ, ನಾಟಕ ಆಡಾಕತ್ತೀರೋ?’ ಎಂದು ಕೇಳಿದರು. ಬಳ್ಳಾರಿಯಲ್ಲಿ ವಕೀಲಿ ಮಾಡುತ್ತಲೇ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಹಾಡುಗಳುಳ್ಳ ತೆಲುಗು ನಾಟಕಗಳನ್ನು ಬರೆದು ಆಡಿಸಿದ್ದರು. ಇಲ್ಲಿನ ನೋಡುಗರಿಗೆ ಮಾತು ಯಾವುದು, ಹಾಡು ಯಾವುದು ಎಂಬ ಲೆಕ್ಕ ತಲೆಮಾರುಗಳಿಂದ ಗೊತ್ತು ಎಂಬುದನ್ನು ನಾನು ಮರೆತಿದ್ದೆ. ಆರು ವಾರಗಳ ಸ್ವರಲಿಪಿ ವ್ಯರ್ಥವಾಯಿತು.

3. ಜನವರಿ: ಹಾಡಿನ ಜಾಗ ಹುಡುಕಿದ್ದು

ಎರಡನೆಯ ಯತ್ನದಲ್ಲಿ ಕಂಪನಿ ನಾಟಕದ ದಾರಿಯನ್ನೇ ಹಿಡಿದೆವು: ಸಂಭಾಷಣೆ ಗದ್ಯದಲ್ಲಿ, ನಡುವೆ ರಂಗಗೀತೆಗಳು. ಪ್ರತಿ ಪಾತ್ರಕ್ಕೂ ಪ್ರವೇಶದ ಹಾಡು, ಸಂತೋಷಕ್ಕೊಂದು, ದುಃಖಕ್ಕೊಂದು ಎಂದು ಎಣಿಸುತ್ತ ಹೋದಾಗ 19 ಹಾಡುಗಳಾದವು. ಜನವರಿ 14ರಂದು ಓಡಿಸಿ ನೋಡಿದಾಗ ನಾಟಕ ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು.

ಯಾವುದನ್ನು ತೆಗೆಯಬೇಕು ಎಂಬುದು ಕೊಟ್ರೇಶಿಯ ಪ್ರವೇಶದಲ್ಲಿ ಗೊತ್ತಾಯಿತು. ಮೂಲದಲ್ಲಿ ಪಂಪಾಪತಿ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿರುವಾಗ ಗೆಳೆಯ ಹಿಂದಿನಿಂದ ಬಂದು ಹೆದರಿಸುತ್ತಾನೆ, ಕನ್ನಡಿ ಬಿದ್ದು ಒಡೆಯುತ್ತದೆ. ನಾವು ಕೊಟ್ರೇಶಿಗೆ ನಾಲ್ಕು ನಿಮಿಷದ ಪ್ರವೇಶದ ಹಾಡು ಕೊಟ್ಟಿದ್ದೆವು. ನಾಲ್ಕು ನಿಮಿಷ ಹಾಡಿಕೊಂಡು ಬಂದವನಿಗೆ ಯಾರು ಬೆಚ್ಚಿಬೀಳುತ್ತಾರೆ? ಹಾಡನ್ನು ತೆಗೆಯುವುದಕ್ಕೆ ಆ ಪಾತ್ರಧಾರಿ ಒಪ್ಪಲಿಲ್ಲ. ಎರಡು ದಿನ ತಾಲೀಮಿಗೂ ಬರಲಿಲ್ಲ. ಅವರ ಸಿಟ್ಟು ನ್ಯಾಯವೇ ಆಗಿತ್ತು, ಏಕೆಂದರೆ ಹಾಡು ಚೆನ್ನಾಗಿತ್ತು.

ಆ ಎರಡು ದಿನ ನಾನು ಹಸ್ತಪ್ರತಿಯ ನೆರಳಚ್ಚು ತೆಗೆಸಿಕೊಂಡು ಕೆಂಪು ಪೆನ್ಸಿಲ್ ಹಿಡಿದು ಕೂತೆ. ಒಬ್ಬರು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುವ, ಆಡಿದ ಮಾತನ್ನೇ ಮತ್ತೆ ಆಡುವ ಜಾಗಗಳಿಗೆಲ್ಲ ಗುರುತು ಹಾಕಿದೆ. ಕೊಟ್ರೇಶಿಯ ಮಾತಿನಲ್ಲಿ ಗುರುತು ಒಂದೂ ಇರಲಿಲ್ಲ, ಅವನು ಎಲ್ಲಿಯೂ ನಿಲ್ಲುವವನಲ್ಲ. ಪಂಪಾಪತಿಯಲ್ಲಿ ಹದಿಮೂರು, ಗೌರಮ್ಮನಲ್ಲಿ ಆರು ಸಿಕ್ಕವು. ಹಾಡಿನಲ್ಲಿ ಪಲ್ಲವಿಗೆ ಮರಳುವುದು ಸಹಜ. ಆದ್ದರಿಂದ ತಿರುಗಿ ತಿರುಗಿ ಅಲ್ಲಿಗೇ ಬರುವ ಮನಸ್ಸಿಗೆ ಹಾಡು, ಕೆಲಸ ಸಾಗಿಸುವವರಿಗೆ ಮಾತು ಎಂದು ಹಂಚಿದೆ. 19 ಹಾಡುಗಳು 8 ಆದವು: ಪಂಪಾಪತಿಗೆ ಮೂರು, ಗೌರಮ್ಮನಿಗೆ ಎರಡು, ಇಬ್ಬರಿಗೂ ಸೇರಿ ಒಂದು, ನಾಲ್ಕು ವರಗಳು ಒಟ್ಟಾಗಿ ಕಾಯುವಾಗ ಒಂದು, ಹುಲಿಗೆಮ್ಮನಿಗೆ ಕೊನೆಯ ಮಂಗಳ. ಕೊಟ್ರೇಶಿಗೆ ಒಂದೂ ಇಲ್ಲ. ಇದನ್ನು ಹೇಳಲು ಅವರ ಮನೆಗೇ ಹೋಗಿ, ಮಂಡಕ್ಕಿ ಒಗ್ಗರಣೆ ತಿಂದು, ಅವರ ಮಾತುಗಳು ಎಲ್ಲರ ಹಾಡನ್ನೂ ಕತ್ತರಿಸುತ್ತವೆ ಎಂದು ತೋರಿಸಿದ ಮೇಲೆ ಒಪ್ಪಿದರು. ಪ್ರಯೋಗದ ದಿನ ಹೆಚ್ಚು ಚಪ್ಪಾಳೆ ಬಿದ್ದದ್ದು ಅವರಿಗೇ.

ಕನ್ನಡಿಯ ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತಾಲೀಮಿನಲ್ಲಿ ನಿಜವಾದ ಕನ್ನಡಿಯನ್ನು, ಒಂದಕ್ಕೆ 60 ರೂಪಾಯಿಯಂತೆ, ನಾಲ್ಕು ಸಲ ಒಡೆದೆವು. ನಾಲ್ಕನೆಯ ಸಲ ಆಳಿನ ಪಾತ್ರಧಾರಿಯ ಬರಿಗಾಲಿಗೆ ಚೂರು ಹೊಕ್ಕಿತು. ಅನಂತರ ಖಾಲಿ ಚೌಕಟ್ಟಿನ ಹಿಂದೆ ತಗಡು ಕೂರಿಸಿ, ಚೌಕಟ್ಟು ನೆಲಕ್ಕೆ ಬಿದ್ದ ಕ್ಷಣಕ್ಕೆ ಪಕ್ಕದ ಪರದೆಯ ಒಳಗಿನಿಂದ ಒಡಕು ಗಾಜು ತುಂಬಿದ ಡಬ್ಬಿಯನ್ನು ಕುಲುಕಿಸಿದೆವು. ಮೊದಲ ದಿನವೇ ಹೊಳೆಯಬೇಕಾಗಿದ್ದ ಉಪಾಯ.

4. ಫೆಬ್ರವರಿ: ಮೂಗಿನ ಹಾಡು ಮತ್ತು ಚೀಟಿಯ ಚೀಲ

ಗೌರಮ್ಮ ವರಗಳನ್ನು ಒಬ್ಬೊಬ್ಬರಾಗಿ ನೆನೆಯುತ್ತ, ಒಬ್ಬನ ತುಟಿಗೆ ಇನ್ನೊಬ್ಬನ ಮೂಗು ಸೇರಿಸಿ, ಮತ್ತೊಬ್ಬನ ಮೈಕಟ್ಟು ಕೂಡಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಲುಬುವ ಸ್ವಗತ ಈ ನಾಟಕದ ಅತ್ಯಂತ ಪ್ರಸಿದ್ಧ ಭಾಗ. ಮೊದಲು ಇದನ್ನು ನಾಲ್ಕು-ನಾಲ್ಕರ ನಡೆಯಲ್ಲಿ ಬರೆದು, ಎಂಟು ಮಾತ್ರೆಯ ಕೇರವಾ ತಾಳಕ್ಕೆ ಕೂರಿಸಿದೆ. ಹಾಡಿದಾಗ ಕೇಳುಗರು ತಾಳ ಹಾಕಿದರು, ಯಾರೂ ನಗಲಿಲ್ಲ. ಕೇರವಾ ಎಂದರೆ ನಮ್ಮ ಕಿವಿಗೆ ಭಜನೆ. ಗೌರಮ್ಮ ವರಗಳನ್ನು ಸ್ತುತಿಸುತ್ತಿರುವಂತೆ ಕಂಡಿತು. ರೂಪಕ್ ತಾಳಕ್ಕೆ ಬದಲಿಸಬಹುದೆಂದು ಸೂಚಿಸಿದವರು ಅದೇ ತಬಲಾ ಯಜಮಾನರು. ಏಳು ಮಾತ್ರೆಯ ರೂಪಕ್‌ನಲ್ಲಿ ಮೂರು ಮತ್ತು ನಾಲ್ಕರ ಕುಂಟುನಡಿಗೆ ಇದೆ; ಭಾಮಿನಿ ಷಟ್ಪದಿಯ ನಡೆಯೂ ಇದೇ ಮೂರು-ನಾಲ್ಕು, ಆದ್ದರಿಂದ ಕನ್ನಡದ ನಾಲಿಗೆಗೆ ಅದು ಹೊಸದಲ್ಲ. ಒಂದೇ ರಾತ್ರಿಯಲ್ಲಿ ಪಲ್ಲವಿ ಬಂತು:

ಮೂಗು ಅವನದು, ಮೀಸೆ ಇವನದು,
ಮಾತು ಯಾರದು, ಮನಸು ಯಾರದು?
ಕೂಡಿ ಕಳೆದರೆ ಗಂಡ ಒಬ್ಬನು
ಸಿಗುವ ಸಂತೆಯು ಯಾವ ಊರದು?

‘ಕೂಡಿ ಕಳೆದರೆ’ ಎಂಬುದು ಗಣಿತ ಮೇಷ್ಟ್ರ ಚಟವೆಂದು ತಂಡದವರು ನಕ್ಕರೂ, ಹತ್ತಿ ವ್ಯಾಪಾರಿಯ ಮಗಳು ಲೆಕ್ಕದ ಮಾತಿನಲ್ಲೇ ಯೋಚಿಸುತ್ತಾಳೆ ಎಂದು ವಾದಿಸಿ ಉಳಿಸಿಕೊಂಡೆ. ಒಂದು ಕೊರತೆ ಉಳಿದಿದೆ: ಮೂರನೆಯ ಸಾಲಿನ ‘ಒಬ್ಬನು’ ಎಂಬಲ್ಲಿ ಹಾಡುಗಾರ್ತಿಗೆ ಉಸಿರು ತೆಗೆದುಕೊಳ್ಳಲು ಎಡೆ ಇಲ್ಲ. ಎರಡೂ ಪ್ರಯೋಗಗಳಲ್ಲಿ ಆ ಸಾಲು ತೆಳುವಾಯಿತು.

ಹಾಡಿನ ಕೊನೆಗೆ ಅವಳು ಚೀಟಿ ಎತ್ತುತ್ತಾಳೆ. ಒಂದು ಬರಬೇಕಾದಲ್ಲಿ ಎಲ್ಲ ಚೀಟಿಗಳೂ ಒಟ್ಟಿಗೆ ಕೈಗೆ ಬರುತ್ತವೆ. ಓದಲು ಸುಲಭವಾದ ಈ ಸೂಚನೆ ವೇದಿಕೆಯ ಮೇಲೆ ಹತ್ತಕ್ಕೆ ಆರು ಸಲ ಕೈಕೊಟ್ಟಿತು, ಎರಡೋ ಮೂರೋ ಚೀಟಿ ಬಂದು ಒಂದು ಒಳಗೇ ಉಳಿಯುತ್ತಿತ್ತು. ಅಂಟು ಹಚ್ಚಿದರೆ ಬಿಡಿಸಿ ಓದಲು ಆಗಲಿಲ್ಲ. ಕೊನೆಗೆ ನಾಲ್ಕು ಚೀಟಿಗಳ ತುದಿಗೆ ಸೂಜಿಯಿಂದ ತೂತು ಮಾಡಿ, ಎರಡೆರಡು ಅಂಗುಲ ಬಿಟ್ಟು ಒಂದೇ ಬಿಳಿ ನೂಲಿನಲ್ಲಿ ಪೋಣಿಸಿದೆವು. ಚೀಲದ ಬಾಯಿಯನ್ನು ಮೂರು ಅಂಗುಲದಿಂದ ಐದಕ್ಕೆ ಅಗಲ ಮಾಡಿದ ಮೇಲೆ ಒಮ್ಮೆಯೂ ತಪ್ಪಲಿಲ್ಲ.

5. ಮಾರ್ಚ್: ಇಬ್ಬರ ಶ್ರುತಿ, ಒಂದು ಪೆಟ್ಟಿಗೆ

ಕೊಟ್ರೇಶಿ ಹೊರಗೆ ಹೋಗಿ, ಪಂಪಾಪತಿ ಮತ್ತು ಗೌರಮ್ಮ ಮಾತ್ರ ಉಳಿಯುವ ದೃಶ್ಯದಲ್ಲಿ ಇಬ್ಬರಿಗೂ ಮಾತು ಹೊಳೆಯುವುದಿಲ್ಲ. ಮೂಲದಲ್ಲಿ ಅವನು ದೋಣಿವಿಹಾರದ ಬಗ್ಗೆ ಕೇಳುತ್ತಾನೆ, ಯಾವ ಹೂವು ಇಷ್ಟ ಎಂದು ಕೇಳುತ್ತಾನೆ, ಎತ್ತರದಲ್ಲಿ ನಿಂತು ಗಾರೆ ಮೆತ್ತುವ ಕೆಲಸಗಾರರ ಧೈರ್ಯವನ್ನು ಹೊಗಳುತ್ತಾನೆ. ನಮ್ಮ ಪಂಪಾಪತಿ ಹಂಪಿಯಲ್ಲಿ ಹರಿಗೋಲು ಹತ್ತಿದ್ದೀರಾ ಎಂದು ಕೇಳುತ್ತಾನೆ, ಕನಕಾಂಬರವೋ ಮಲ್ಲಿಗೆಯೋ ಎಂದು ಕೇಳುತ್ತಾನೆ, ತುಂಗಭದ್ರಾ ಅಣೆಕಟ್ಟೆಯ ಮೇಲೆ ಅಷ್ಟು ಎತ್ತರದಲ್ಲಿ ಅಂಜದೆ ಕೆಲಸ ಮಾಡಿದವರನ್ನು ನೆನೆದು ತಲೆದೂಗುತ್ತಾನೆ. ಎತ್ತರಕ್ಕೆ ಹೆದರುವವನೇ ಮುಂದೆ ಕಿಟಕಿಯಿಂದ ಹಾರುವುದರಿಂದ ಈ ಮಾತನ್ನು ಬಿಡುವಂತಿರಲಿಲ್ಲ.

ಇದೇ ನಮ್ಮ ಯುಗಳಗೀತೆ, ಮತ್ತು ಇದೇ ನಮ್ಮನ್ನು ಮೂರು ವಾರ ನಿಲ್ಲಿಸಿದ್ದು. ಶ್ರುತಿಯನ್ನು ನಾವು ಹಾರ್ಮೋನಿಯಂ ಪೆಟ್ಟಿಗೆಯ ಕಪ್ಪು, ಬಿಳಿ ಮನೆಗಳ (ಕೀಲಿಗಳ) ಎಣಿಕೆಯಿಂದ ಹೇಳುತ್ತೇವೆ: ಪಂಪಾಪತಿಯ ಪಾತ್ರಧಾರಿ ಹಾಡುವುದು ಕಪ್ಪು ಒಂದರಲ್ಲಿ, ಗೌರಮ್ಮನ ಪಾತ್ರಧಾರಿ ಕಪ್ಪು ನಾಲ್ಕರಲ್ಲಿ. ಪಂಪಾಪತಿಯ ಶ್ರುತಿಗೆ ಗೌರಮ್ಮ ಬಂದರೆ ತಾರಸ್ಥಾಯಿಯಲ್ಲಿ ಚೀರಬೇಕು. ಗೌರಮ್ಮನ ಶ್ರುತಿಗೆ ಪಂಪಾಪತಿ ಬಂದರೆ ಮಂದ್ರದಲ್ಲಿ ದನಿಯೇ ಏಳದು. ನಡುವಿನ ಬಿಳಿ ನಾಲ್ಕಕ್ಕೆ ಇಬ್ಬರನ್ನೂ ಎಳೆದು ನೋಡಿದೆ. ಇಬ್ಬರೂ ಕೆಟ್ಟದಾಗಿ ಹಾಡಿದರು.

ಮಾರ್ಚ್ 9ರಂದು ಪೆಟ್ಟಿಗೆಯ ಮುಂದೆ ಸುಮ್ಮನೆ ಬೆರಳಾಡಿಸುತ್ತ ಕೂತಾಗ ದಾರಿ ಸಿಕ್ಕಿತು. ಕಪ್ಪು ಒಂದನ್ನು ಷಡ್ಜ ಮಾಡಿಕೊಂಡು ಭೂಪಾಲಿ ರಾಗ ಬಾರಿಸಿದರೆ ಬೀಳುವ ಮನೆಗಳು ಕಪ್ಪು ಒಂದು, ಕಪ್ಪು ಎರಡು, ಬಿಳಿ ನಾಲ್ಕು, ಕಪ್ಪು ನಾಲ್ಕು, ಕಪ್ಪು ಐದು. ಕಪ್ಪು ನಾಲ್ಕನ್ನು ಷಡ್ಜ ಮಾಡಿಕೊಂಡು ದುರ್ಗಾ ರಾಗ ಬಾರಿಸಿದರೂ ಬೀಳುವುದು ಅವೇ ಐದು. ಅವನು ತನ್ನ ಭೂಪಾಲಿಯನ್ನೂ ಅವಳು ತನ್ನ ದುರ್ಗಾವನ್ನೂ ಹಾಡಿಕೊಂಡರೆ ಪೆಟ್ಟಿಗೆಯವನಿಗೆ ಒಂದು ಮನೆಯೂ ಬದಲಾಗುವುದಿಲ್ಲ. ಅದೇ ಐದು ಸ್ವರಗಳಲ್ಲಿ ಇಬ್ಬರೂ ಓಡಾಡುತ್ತಾರೆ, ಆದರೆ ಒಬ್ಬರಿಗೆ ಊರು ಎನಿಸಿದ್ದು ಇನ್ನೊಬ್ಬರಿಗೆ ಪರವೂರು. ಶ್ರುತಿಪೆಟ್ಟಿಗೆಯಲ್ಲಿ ಕಪ್ಪು ಒಂದು ಮತ್ತು ಕಪ್ಪು ನಾಲ್ಕನ್ನು ಮಾತ್ರ ಇಟ್ಟೆವು. ಅವನಿಗೆ ಅದು ಷಡ್ಜ-ಪಂಚಮ, ಅವಳಿಗೆ ಮಧ್ಯಮ-ಷಡ್ಜ. ಕನಕದುರ್ಗಮ್ಮನ ಊರಿನ ಹುಡುಗಿಗೆ ದುರ್ಗಾ ರಾಗವೇ ಸಿಕ್ಕಿತೆಂದು ತಂಡದ ಹೆಂಗಸರಿಗೆ ಸಂತೋಷವಾಯಿತು, ಅದು ನನ್ನ ಜಾಣತನವಲ್ಲ.

ಹಾಡು ಕೂತಿತು, ಪೆಟ್ಟಿಗೆ ಕೈಕೊಟ್ಟಿತು. ನಮ್ಮದು ಹಳೆಯ ಕಾಲುಪೆಟ್ಟಿಗೆ. ಮಾರ್ಚ್ ಕೊನೆಯ ಬಿಸಿಲಿಗೆ ತಿದಿಯ ಮಡಿಕೆಯೊಂದು ಬಾಯಿಬಿಟ್ಟಿತು. ರಬ್ಬರ್ ಅಂಟು ಹಾಕಿ ಮುಚ್ಚಿದ್ದು ನಾಲ್ಕೇ ದಿನಕ್ಕೆ ಬಿರಿಯಿತು. ಎರಡನೆಯ ಸಲ ತೆಳು ಆಡಿನ ಚರ್ಮದ ಪಟ್ಟಿಯನ್ನು ಒಂದೂವರೆ ಅಂಗುಲ ಅಗಲಕ್ಕೆ ಕತ್ತರಿಸಿ, ಸರೇಸಿನಿಂದ ಅಂಟಿಸಿ, ಒಂದು ರಾತ್ರಿ ಭಾರ ಹೇರಿ ಇಟ್ಟ ಮೇಲೆ ನಿಂತಿತು. ಆಮೇಲೆ ನೋಡಿದರೆ ಕಪ್ಪು ನಾಲ್ಕರ ಒಂದು ರೀಡು (ಸ್ವರ ಹೊರಡಿಸುವ ಲೋಹದ ನಾಲಿಗೆ) ಶ್ರುತಿಯಲ್ಲಿ ಇಳಿದಿತ್ತು. ಫೋನಿನ ಶ್ರುತಿಮಾಪಕದಲ್ಲಿ 415.3 ಹರ್ಟ್ಜ್ ಇರಬೇಕಾದಲ್ಲಿ 409 ತೋರಿಸಿತು. ಎಲ್ಲ ಬಿಟ್ಟು ಗೌರಮ್ಮನ ಷಡ್ಜವೇ!

ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ರೀಡಿನ ಕೆಳಗೆ ತೆಳು ತಗಡು ತೂರಿಸಿ, ಸಣ್ಣ ಅರದಿಂದ ತುದಿಯನ್ನು ಆರೇಳು ಸಲ ಎಳೆದು ಪರೀಕ್ಷಿಸಬೇಕಾಗಿತ್ತು. ನಾನು ಅವಸರಪಟ್ಟು ಹದಿನೈದು ಸಲ ಎಳೆದೆ, 419ಕ್ಕೆ ಹೋಯಿತು. ಮತ್ತೆ ಬುಡ ಕೆರೆದು 415ಕ್ಕೆ ತಂದೆ. ಎರಡು ಕಡೆಯೂ ತೆಳುವಾದ ಆ ರೀಡು ಇನ್ನು ಹೆಚ್ಚು ಕಾಲ ಬಾಳದು. ಈ ಕೆಲಸವನ್ನು ಹೊಸದಾಗಿ ಮಾಡುವವರು ಮೊದಲು ಕೆಲಸಕ್ಕೆ ಬಾರದ ಹಳೆಯ ರೀಡಿನ ಮೇಲೆ ಕೈ ಪಳಗಿಸಿಕೊಳ್ಳಬೇಕು.

6. ಏಪ್ರಿಲ್: ಕಿಟಕಿ

ಹಾರುವುದು ಎತ್ತರದಿಂದ ಎಂದು ಕಾಣಬೇಕಾದ್ದರಿಂದ ವೇದಿಕೆಯ ಹಿಂಭಾಗದಲ್ಲಿ ಒಂದೂವರೆ ಅಡಿ ಎತ್ತರದ ಹಲಗೆಮಂಚಗಳನ್ನು ಜೋಡಿಸಿ, ಅವುಗಳ ಹಿಂದಿನ ಅಂಚಿಗೆ ಕಿಟಕಿಯ ಚೌಕಟ್ಟನ್ನು ನಿಲ್ಲಿಸಿದೆವು. ಚೌಕಟ್ಟು 5 ಅಡಿ ಅಗಲ, 7 ಅಡಿ ಎತ್ತರ. ಎರಡು ಅಂಗುಲದ ರೀಪರುಗಳ ಮೇಲೆ 6 ಮಿಲಿಮೀಟರ್ ಪ್ಲೈವುಡ್. ಕಿಟಕಿಯ ಬಾಯಿ ಎರಡೂವರೆ ಅಡಿ ಅಗಲ, 3 ಅಡಿ ಎತ್ತರ. ಕಟ್ಟೆ ಮಂಚದಿಂದ 2 ಅಡಿ 9 ಅಂಗುಲ ಮೇಲೆ. ಅಂದರೆ ಹಿಂದಿನ ನೆಲಕ್ಕೆ ಬೀಳುವ ಆಳ 4 ಅಡಿ 3 ಅಂಗುಲ.

ಕೆಳಗೆ ಹಾಸಲು ಮೊದಲು ಗೋಣಿಚೀಲಗಳಿಗೆ ಭತ್ತದ ಹುಲ್ಲು ತುಂಬಿದೆವು. ಮೂರನೆಯ ಹಾರುವಿಕೆಗೆ ಹುಲ್ಲು ಅರ್ಧಕ್ಕೆ ಕುಸಿದು, ಪಾತ್ರಧಾರಿಯ ಕಣಕಾಲು ಉಳುಕಿತು. ಒಂಬತ್ತು ದಿನ ತಾಲೀಮು ನಿಂತಿತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆಗಳಲ್ಲಿ ಚಿಂದಿಗೆ ಬರವಿಲ್ಲ. ಕಿಲೋಗೆ 15 ರೂಪಾಯಿಯಂತೆ 40 ಕಿಲೋ ತಂದು ಆರು ಚೀಲಗಳಲ್ಲಿ ಗಟ್ಟಿಯಾಗಿ ತುರುಕಿ ಹೊಲಿಸಿದೆ. ಗಟ್ಟಿಯಾಗಿ ತುರುಕಿದ್ದೇ ತಪ್ಪು: ಜೀನ್ಸ್ ಚಿಂದಿ ಒತ್ತಿದಂತೆ ಕಲ್ಲಾಗುತ್ತದೆ. ನಾನೇ ಹಾರಿ ನೋಡಿದೆ. ಹಿಮ್ಮಡಿಯ ನೋವು ನೆತ್ತಿಗೆ ಮುಟ್ಟಿತು. ಹೊಲಿಗೆ ಬಿಚ್ಚಿ, ಪ್ರತಿ ಚೀಲದಿಂದಲೂ ಮೂರರಲ್ಲೊಂದು ಭಾಗ ತೆಗೆದು ಸಡಿಲವಾಗಿ ಹರಡಿ, ಮೇಲೆ ಮನೆಯ ಎರಡು ಹಳೆಯ ಹತ್ತಿ ಗಾದಿಗಳನ್ನು ಹಾಕಿದೆವು. ಒಟ್ಟು ದಪ್ಪ 16 ಅಂಗುಲ, ಉದ್ದ 7 ಅಡಿ, ಅಗಲ 5 ಅಡಿ. ಅಲ್ಲಿಂದ ಮುಂದೆ ಯಾರಿಗೂ ನೋವಾಗಲಿಲ್ಲ.

ಏಪ್ರಿಲ್ 26ರಂದು ಮೊದಲ ಬಾರಿಗೆ ಪೂರ್ತಿ ವೇಷದಲ್ಲಿ ತಾಲೀಮು ನಡೆಯಿತು. ಮದುಮಗನ ತಲೆಗೆ ಪೇಟ, ಅದರ ಮೇಲೆ ಬಾಸಿಂಗ. ಅದುವರೆಗೆ ಎಲ್ಲ ಹಾರುವಿಕೆಗಳೂ ಬರಿದಲೆಯಲ್ಲಿ ನಡೆದಿದ್ದವು, ಬಾಸಿಂಗದ ಒಂಬತ್ತು ಅಂಗುಲವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಗಣಿತ ಮೇಷ್ಟ್ರೂ ಹಿಡಿದಿರಲಿಲ್ಲ. ಬಾಸಿಂಗ ಮೇಲಿನ ಪಟ್ಟಿಗೆ ಸಿಕ್ಕಿ, ಅವರು ಚೌಕಟ್ಟನ್ನು ಹಿಡಿದು ಜಗ್ಗಿ, ಮದುಮಗ, ಕಿಟಕಿ, ಪರದೆ ಎಲ್ಲವೂ ಒಟ್ಟಿಗೆ ಹಿಂದಕ್ಕೆ ಹೋದವು. ಗಾದಿ ಇದ್ದುದರಿಂದ ಬದುಕಿದೆವು.

ಬಡಗಿಯನ್ನು ಕರೆಸಿ ಕಿಟಕಿಯ ಬಾಯಿಯನ್ನು 3 ಅಡಿ ಅಗಲ, 4 ಅಡಿ ಎತ್ತರಕ್ಕೆ ಕೊಯ್ಸಿ, ಕಟ್ಟೆಯನ್ನು ಆರು ಅಂಗುಲ ತಗ್ಗಿಸಿದೆವು. ಚೌಕಟ್ಟಿನ ಎರಡು ಬದಿಗೂ, ಮಂಚದ ಮೇಲೆಯೇ ನಿಲ್ಲುವಂತೆ, 3 ಅಡಿ ಬುಡದ ತ್ರಿಕೋನದ ಆಸರೆ ಕೊಟ್ಟು, ಒಂದೊಂದರ ಮೇಲೂ 20 ಕಿಲೋ ಮರಳಿನ ಚೀಲ ಇಟ್ಟು, ಅವುಗಳಿಗೆ ಗೋಡೆಯ ಬಣ್ಣದ ಬಟ್ಟೆ ಮುಚ್ಚಿದೆವು. ಬಾಸಿಂಗವನ್ನು ಆರು ಅಂಗುಲದ್ದಕ್ಕೆ ಬದಲಿಸಿದೆವು.

ಹಾರುವ ಕ್ಷಣಕ್ಕೆ ದ್ರುತಲಯದಲ್ಲಿ ಹಾಡೊಂದನ್ನು ಜನವರಿಯಿಂದಲೂ ಇಟ್ಟುಕೊಂಡಿದ್ದೆ. ಪಂಪಾಪತಿಯ ಮೂರನೆಯ ಹಾಡು ಅದೇ. ಇಲ್ಲಿ ನನ್ನ ಕೆಂಪು ಪೆನ್ಸಿಲ್ ನಿಯಮ ನನಗೇ ತಿರುಗಿಬಿತ್ತು. ಇಡೀ ನಾಟಕದಲ್ಲಿ ಅವನು ಏನಾದರೂ ಮಾಡುವುದು ಇದೊಂದೇ ಸಲ. ಮಾಡುವವನಿಗೆ ಹಾಡು ಯಾಕೆ? ಹಾಡನ್ನು ಕಟ್ಟೆ ಹತ್ತುವ ಮುಂಚೆಯೇ ಅರ್ಧಕ್ಕೆ ಕಡಿದು, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬರುವ ಮೊದಲೇ ತಬಲಾ ನಿಲ್ಲುವಂತೆ ಮಾಡಿದೆವು. ಅನಂತರ ಕೇಳುವುದು ಹಿಂದಿನಿಂದ ‘ಅಯ್ಯೋ, ಎತ್ತರ ಐತಲ್ಲೋ!’ ಎಂಬ ಕೂಗು, ‘ಜಟಕಾ!’, ‘ಬ್ರೂಸ್‌ಪೇಟಿಗೆ, ನಾಲ್ಕಾಣೆ’, ಆಮೇಲೆ ಹಲಗೆಯ ಮೇಲೆ ತೆಂಗಿನ ಚಿಪ್ಪಿನಿಂದ ಬಾರಿಸಿದ ಕುದುರೆಯ ಹೆಜ್ಜೆ.

7. ಮೇ 11 ಮತ್ತು 18: ಎರಡು ಪ್ರಯೋಗಗಳು

ಮೊದಲ ಪ್ರಯೋಗದಲ್ಲಿ ಎರಡು ಕಡೆ ಎಡವಿದೆವು. ಸಭಾಂಗಣದ ಫ್ಯಾನುಗಳ ಸದ್ದಿಗೆ ಯುಗಳಗೀತೆ ಮುಚ್ಚಿಹೋಗುತ್ತದೆಂದು ಆ ಆರು ನಿಮಿಷ ಫ್ಯಾನು ನಿಲ್ಲಿಸಿದೆವು. ಮೇ ತಿಂಗಳ ಬಳ್ಳಾರಿಯಲ್ಲಿ ಇದು ಅಪರಾಧ. ಎರಡನೆಯ ನಿಮಿಷಕ್ಕೆ ಹಿಂದಿನ ಸಾಲುಗಳಿಂದ ‘ಫ್ಯಾನ್ ಹಾಕ್ರೋ’ ಎಂಬ ಕೂಗು ಎದ್ದು, ಭೂಪಾಲಿ-ದುರ್ಗಾ ಎರಡೂ ಅದರಲ್ಲಿ ಮುಳುಗಿದವು. ಎರಡನೆಯ ದಿನ ಫ್ಯಾನು ತಿರುಗಲು ಬಿಟ್ಟು, ಇಬ್ಬರಿಗೂ ಕಾಲರ್ ಮೈಕು ಕೊಟ್ಟೆವು.

ಎರಡನೆಯದು ಮಂಗಳ. ಮೂಲ ನಾಟಕ ದಲ್ಲಾಳಿಯ ಮಾತಿನಿಂದ ಮುಗಿಯುತ್ತದೆ: ಮದುಮಗ ಬಾಗಿಲಿನಿಂದ ಓಡಿಹೋಗಿದ್ದರೆ ಆ ಮಾತು ಬೇರೆ, ಕಿಟಕಿಯಿಂದ ಹಾರಿದ ಮೇಲೆ ಇನ್ನೇನು ಹೇಳುವುದಿದೆ ಎಂಬ ಅರ್ಥದ ಮಾತು ಅದು. ನಾವು ಅದನ್ನು ಹುಲಿಗೆಮ್ಮನ ಬಾಯಲ್ಲಿ ಮಂಗಳದ ಧಾಟಿಯಲ್ಲಿ ಹಾಡಿಸಿದ್ದೆವು. ಪೆಟ್ಟಿಗೆಯಲ್ಲಿ ಮಂಗಳದ ಮೊದಲ ಸಾಲು ಏಳುತ್ತಿದ್ದಂತೆಯೇ ನೋಡುಗರು ಅಭ್ಯಾಸಬಲದಿಂದ ಎದ್ದು ಚಪ್ಪಲಿ ಹುಡುಕತೊಡಗಿದರು. ನಾಟಕದ ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೇ 18ಕ್ಕೆ ಹಾಡು ತೆಗೆದು, ಮಾತನ್ನು ಮಾತಾಗಿಯೇ ಆಡಿಸಿ, ದೀಪ ಆರಿಸಿ, ಕತ್ತಲೆಯಲ್ಲಿ ಜಟಕಾದ ಹೆಜ್ಜೆಯನ್ನು ಮತ್ತೊಮ್ಮೆ ದೂರದಿಂದ ಕೇಳಿಸಿದೆವು. ಯಾರೂ ಏಳಲಿಲ್ಲ. ಮುಗಿಯಿತೆಂದು ತಿಳಿಯದೆ ಸ್ವಲ್ಪ ಹೊತ್ತು ಕೂತೇ ಇದ್ದರು, ನಾವೇ ದೀಪ ಹಾಕಿ ಕೈಮುಗಿಯಬೇಕಾಯಿತು. ಹೀಗೆ 19 ಹಾಡುಗಳಲ್ಲಿ ಕೊನೆಗೆ ಉಳಿದವು ಆರೂವರೆ.

8. ಲೆಕ್ಕ ಮತ್ತು ಉಳಿದ ಕೆಲಸ

ಕಿಟಕಿಗೆ ಮರ 2,650, ಪ್ಲೈವುಡ್ 1,400, ಮೊಳೆ-ಸ್ಕ್ರೂ 310 ರೂಪಾಯಿ. ಚಿಂದಿ, ಗೋಣಿ, ಹೊಲಿಗೆಗೆ 950. ಪೆಟ್ಟಿಗೆಯ ದುರಸ್ತಿಗೆ 1,850. ವೇಷಭೂಷಣದ ಬಾಡಿಗೆ 9,200. ಎರಡು ದಿನದ ಸಭಾಂಗಣ, ದೀಪ, ಧ್ವನಿಗೆ 18,000. ವಾದ್ಯದವರ ಸಂಭಾವನೆ 15,000. ಏಳು ತಿಂಗಳ ಚಹಾ, ಮಿರ್ಚಿ, ಮಂಡಕ್ಕಿಗೆ 7,400. ಒಟ್ಟು 56,760. ನೂರು ರೂಪಾಯಿಯ ಟಿಕೆಟ್ 212 ಹೋದವು, ದೇಣಿಗೆ 25,000 ಬಂತು. ಕೈಯಿಂದ ಹಾಕಿದ್ದು 10,560. ಒಡೆದ ಕನ್ನಡಿಗಳ 240 ರೂಪಾಯಿ ಮತ್ತು ಬಡಗಿಯ ಎರಡನೆಯ ಕೂಲಿಯನ್ನು ನಾನು ಈ ಲೆಕ್ಕಕ್ಕೆ ತಂದಿಲ್ಲ, ಆ ತಪ್ಪುಗಳು ನನ್ನವು.

ಮಳೆಗಾಲ ಕಳೆದ ಮೇಲೆ ಕೊಪ್ಪಳದಲ್ಲಿ ಆಡುವ ಮಾತು ನಡೆದಿದೆ. ಅಷ್ಟರೊಳಗೆ ಕಿಟಕಿಯ ಎಡಗಡೆಯ ಕೆಳಮೂಲೆ ಸಡಿಲವಾಗಿರುವುದಕ್ಕೆ ಕಬ್ಬಿಣದ ಮೂಲೆಪಟ್ಟಿ ಬಡಿಸಬೇಕು, ಕಪ್ಪು ನಾಲ್ಕಕ್ಕೆ ಹೊಸ ರೀಡು ಹುಡುಕಬೇಕು, ‘ಗಂಡ ಒಬ್ಬನು’ ಎಂಬಲ್ಲಿ ಗೌರಮ್ಮನಿಗೆ ಉಸಿರಾಡಲು ಒಂದು ಮಾತ್ರೆ ಬಿಡಿಸಿಕೊಡಬೇಕು. ಕೊಟ್ರೇಶಿಯ ಪಾತ್ರಧಾರಿ ಮೊನ್ನೆ ಬಂದು, ಆ ಪ್ರವೇಶದ ಹಾಡನ್ನು ಕೊಪ್ಪಳದಲ್ಲಾದರೂ ಹಾಡಬಹುದೇ ಎಂದು ಕೇಳಿ ಹೋಗಿದ್ದಾರೆ.